ಮೂರನೆಯ ಕಂಬ

ಆಗ ನನಗೆ ಹತ್ತೊಂಬತ್ತು. ಕೆಲಸವೆಂದರೆ
ತಂತಿ ಬೆಸೆಯುವುದು, ಯಂತ್ರದ ಧೂಳು ಒರೆಸುವುದು,
ಬಸಿಲಿಯಾ ಕೋಲ್ಕೆ ಕೈಯೆತ್ತಿದಾಗ ಗುಂಡಿ ಒತ್ತುವುದು.
ಒರುರೋದಾಚೆ, ಗಾಳಿಗೂ ಏದುಸಿರು ಬರುವ ಎತ್ತರದಲ್ಲಿ
ಮಣ್ಣುಗೋಡೆಯ ಒಂದು ಕೋಣೆ, ಒಂದು ಮೈಕು,
ಸುತ್ತ ನಲವತ್ತು ಹಳ್ಳಿಯ ಕಿವಿ.

ನಮ್ಮ ಐಮಾರಾದಲ್ಲಿ ಮಾತಿಗೊಂದು ಬಾಲವಿದೆ:
ಕಂಡದ್ದಕ್ಕೆ ಒಂದು, ಕೇಳಿದ್ದಕ್ಕೆ ಇನ್ನೊಂದು.
ಬಾಲ ತಪ್ಪಿದರೆ ಅಜ್ಜಿಯರು ಬಿಡುವುದಿಲ್ಲ,
"ಹೌದೇನು? ಅಲ್ಲಿದ್ದೆಯೇನು ನೀನು?"
ಆ ಒಂದು ಪ್ರಶ್ನೆಯನ್ನೇ ಬಸಿಲಿಯಾ
ಉದ್ಯೋಗ ಮಾಡಿಕೊಂಡಿದ್ದಳು.

ಫೆಬ್ರವರಿ. ಮೂರು ದಿನದಿಂದ ಬಿಡದ ಮಳೆ.
ಬಾಗಿಲು ದೂಡಿಕೊಂಡು ಬಂದ ಲಾರಿಯ ಸಾತುರ್ನಿನೋ:
"ಸೇತುವೆ ಹೋಯಿತು! ಹೇಳು, ಈಗಲೇ ಹೇಳು!"
ಹಿಂದೆಯೇ ರೊಟ್ಟಿ ಮಾರುವ ಎಲೂತೇರಿಯಾ:
"ಹೋಯಿತಂತೆ, ಕಂಬ ಸಮೇತ."
ಅವಳ ಹಿಂದೆ ಪಾದ್ರಿಯ ಅಡುಗೆಯವ, ಟೋಪಿ ಹಿಂಡುತ್ತ:
"ಹೋಯಿತಂತೆ, ಎರಡು ಕತ್ತೆಗಳೂ ಕೂಡ."
ಮೂರು ಬಾಯಿ, ಒಂದೇ ಮಾತು.
ನನ್ನ ಬೆರಳು ಗುಂಡಿಯ ಮೇಲೆ.

ಬಸಿಲಿಯಾ ಕೈಯೆತ್ತಲಿಲ್ಲ.
ಕೋಕಾ ಎಲೆಯನ್ನು ಕೆನ್ನೆಯಿಂದ ಕೆನ್ನೆಗೆ ಸರಿಸಿ
ಸಿಕ್ಕು ಬಿಡಿಸುವವಳಂತೆ ಎಳೆ ಹಿಡಿದು ಹಿಂದಕ್ಕೆ ಹೋದಳು.
ನಿನಗೆ ಯಾರು ಹೇಳಿದರು? ಭಾವ.
ಭಾವನಿಗೆ? ಈ ರೊಟ್ಟಿಯವಳು.
ನಿನಗೆ? ಬಾವಿಯ ಹತ್ತಿರ ಒಬ್ಬ ಸಿಪಾಯಿ.
ನಿನಗೆ? ಅದೇ ಸಿಪಾಯಿ.
ಕತ್ತೆ? ಅಡುಗೆಯವ ಟೋಪಿಯೊಳಗೆ ನೋಡಿದ.
"ತಂದದ್ದು ಮೂರು ಕೊಡ," ಅಂದಳು, "ಬಾವಿ ಒಂದೇ.
ಅವನ ಬೂಟು ಒದ್ದೆಯಾಗಿತ್ತೇ?"
ಯಾರೂ ನೋಡಿರಲಿಲ್ಲ.

ಅಷ್ಟರಲ್ಲಿ ಕಚೇರಿಯಿಂದ ಕಾಗದ: ಸೇತುವೆ ಸುಭದ್ರ.
ಕೆಳಗೆ ನೇರಳೆ ಮುದ್ರೆ, ಹುಣ್ಣಿಮೆಯಷ್ಟು ದುಂಡಗೆ.
ಅವಳ ಹೆಬ್ಬೆರಳು ಮುದ್ರೆ ದಾಟಿ ತಾರೀಖಿನ ಮೇಲೆ ನಿಂತಿತು.
ಮಳೆ ಹಿಡಿದದ್ದು ಅದರ ಮಾರನೆಯ ದಿನ.

ಮುದ್ರೆಯ ಕಥೆ ನನಗೆ ಆಮೇಲೆ ಗೊತ್ತಾಯಿತು.
ಗೊತ್ತಾಯಿತು ಅನ್ನಬಾರದು, ಯಾರೋ ಹೇಳಿದರು.
ಹಿಂದೊಮ್ಮೆ ಇಂಥದೇ ದುಂಡು ಮುದ್ರೆ ನಂಬಿ
ಗಣಿಯಲ್ಲಿ ನೀರು ಇಳಿದಿದೆ ಎಂದು ಓದಿದ್ದಳಂತೆ.
ನಂಬಿ ಇಳಿದವರು ಏಳು ಮಂದಿಯಂತೆ.
ಈ ಅಂತೆಯನ್ನು ಬಿಡಲಾರೆ; ಅವಳು ಒಮ್ಮೆಯೂ ಬಾಯಿಬಿಡಲಿಲ್ಲ.
ನಾನು ಕಂಡದ್ದು ಅವಳ ಕುರ್ಚಿಯ ಹಿಂದೆ, ಗೋಡೆಯಲ್ಲಿ
ಏಳು ಮೊಳೆ. ಏನನ್ನೂ ತೂಗುಹಾಕದ ಮೊಳೆ.

ಕೊನೆಗೆ ಬಂದವನು ಲಾಮಾ ಮಂದೆ ಕಾಯುವ ಫೆರ್ಮಿನ್.
ಹತ್ತು ವರ್ಷ. ಸೋರುವ ಮೂಗು. ತೊಡೆಯವರೆಗೆ ಕೆಸರು.
ಸುದ್ದಿ ತಂದಿರಲಿಲ್ಲ, ಟಾರ್ಚಿಗೆ ಬ್ಯಾಟರಿ ಬೇಡಲು ಬಂದಿದ್ದ.
ಕೇಳಿದಾಗ ಅಂದ: "ಕಂಡೆ.
ಈ ದಡದಿಂದ ಎರಡು ಕಂಬದವರೆಗೆ ಹಲಗೆ ಇದೆ.
ಆಮೇಲೆ ಮಂಜು.
ಆಚೆಗೆ ಇದೆಯೋ ಇಲ್ಲವೋ, ನಾ ಕಾಣೆ."

ನಾ ಕಾಣೆ.
ಬಸಿಲಿಯಾಳ ಕೈ ಮೇಲೆದ್ದಿತು.

"ಕೇಳಿ. ಇವತ್ತು ಬೆಳಿಗ್ಗೆ ಒಬ್ಬ ಹುಡುಗ ಎರಡು ಕಂಬ ಕಂಡಿದ್ದಾನೆ.
ಮೂರನೆಯದನ್ನು ಕಂಡವರು ಇಲ್ಲಿಗೆ ಬಂದಿಲ್ಲ. ನಾನೂ ಕಂಡಿಲ್ಲ.
ಕಂಡವರು ಬರುವತನಕ ಯಾರೂ ದಾಟಬೇಡಿ."
ಆಮೇಲೆ ಆಲೂಗಡ್ಡೆಯ ಧಾರಣೆ, ಒಂದು ಶವಸಂಸ್ಕಾರದ ಹೊತ್ತು.
ಸಾತುರ್ನಿನೋ ಹೊಸಿಲಲ್ಲಿ ಉಗಿದ: "ಇದೂ ಒಂದು ಸುದ್ದಿಯೇ?"

ಸೇತುವೆ ಏನಾಯಿತು ಅನ್ನುತ್ತೀರಾ?
ನಾನು ಗುಂಡಿ ಬಿಟ್ಟು ಹೊಳೆಗೆ ಹೋಗುವಷ್ಟರಲ್ಲಿ
ಅಲ್ಲಿ ಕಬ್ಬಿಣದ ಹೊಸತೊಂದು ನಿಂತಿತ್ತು.
ಹಳೆಯದರ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ.

ಫೆರ್ಮಿನ್‌ಗೂ ಈಗ ತಲೆ ನರೆತಿದೆ.
ಸಂತೆಯಲ್ಲಿ ಬಿಯರು ಕೊಡಿಸಿದರೆ ಹೇಳುತ್ತಾನೆ,
ಸೇತುವೆ ಕುಸಿದದ್ದನ್ನು ಕಣ್ಣಾರೆ ಕಂಡೆ,
ಮೂರೂ ಕಂಬ, ಎರಡು ಕತ್ತೆ, ಒಂದು ಕುಂಟು.
ನಾನು ಮೆಲ್ಲಗೆ ಕೇಳುತ್ತೇನೆ: ಮಂಜು?

ಅವನು ಲೋಟ ಕೆಳಗಿಡುತ್ತಾನೆ.
ಸ್ವಲ್ಪ ಹೊತ್ತು ಎಲ್ಲೋ ನೋಡುತ್ತ
ಒಣಗಿದ ಪ್ಯಾಂಟಿನ ತೊಡೆ
ಒರೆಸಿಕೊಳ್ಳುತ್ತಾನೆ.